ನೂರಾ ಹನ್ನೆರಡನೇ ನಂಬರಿನ ಬಾಗಿಲು

ಹೆಸರು: ಶೆಟ್ಟೆಪ್ಪ ತಂದೆ ಯಮನಪ್ಪ ಕೋರಿ. ವಯಸ್ಸು: 34 ವರ್ಷ. ಉದ್ಯೋಗ: ಫೋರ್ಟಿನ ಒಂದು ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸುವುದು. ಮೂಲ ಊರು: ವಿಜಾಪುರ ಜಿಲ್ಲೆ, ಇಂಡಿ ತಾಲೂಕು. ಸದ್ಯದ ವಾಸ: ಮುಂಬಯಿ, ಆಂಟಾಪ್ ಹಿಲ್ ಕೆಳಗೆ, ಉಪ್ಪಾಗರದ ಬದಿಯ ಓಣಿ. ಮನೆ ನಂಬರು: ಜಾಗ ಬಿಟ್ಟಿದೆ, ಕೊನೆಯಲ್ಲಿ ಬರೆಸುತ್ತೇನೆ.

ಇಂದು ದಿನಾಂಕ 21 ಫೆಬ್ರುವರಿ 1955, ಸೋಮವಾರ, ಬೆಳಿಗ್ಗೆ 9.50ಕ್ಕೆ ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು, ಜಮಾದಾರ ಸಿದ್ದರಾಮಪ್ಪನವರ ಮುಂದೆ ಈ ಮೂಲಕ ತಿಳಿಸುವುದು ಇಷ್ಟು. ನನಗೆ ಮರಾಠಿ ಮಾತನಾಡಲು ಬರುತ್ತದೆ. ಆದರೆ ಹೊತ್ತು ಮತ್ತು ಅಳತೆ ಹೆಚ್ಚುಕಡಿಮೆ ಆಗಬಾರದೆಂದು ಕನ್ನಡದಲ್ಲಿ ಬರೆಸುತ್ತಿದ್ದೇನೆ. ಜಮಾದಾರರು ನವಲಗುಂದ ಕಡೆಯವರಾದ್ದರಿಂದ ಇದಕ್ಕೆ ಒಪ್ಪಿದ್ದಾರೆ. ನನ್ನ ಬಳಿ ಕೈಗಡಿಯಾರವಿದೆ. ಅದು ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತದೆ. ಪ್ರತಿದಿನ ಬೆಳಿಗ್ಗೆ ಸ್ಟೇಶನ್ನಿನಲ್ಲಿ ಸರಿಮಾಡಿಕೊಳ್ಳುತ್ತೇನೆ.

ಮೊನ್ನೆ ಶನಿವಾರ, ದಿನಾಂಕ 19ರಂದು ಸಂಜೆ 4.30ಕ್ಕೆ ನಾನು ಇದೇ ಠಾಣೆಯಲ್ಲಿ ಒಂದು ದೂರು ಕೊಟ್ಟಿದ್ದೇನೆ. ನಮ್ಮ ಓಣಿಯ ರಾಚವ್ವ ಎಂಬುವಳು ನನ್ನ ಗುಡಿಸಲಿನಿಂದ ನನ್ನ ಬಾಗಿಲನ್ನು ಕಿತ್ತು ಹೊತ್ತುಕೊಂಡು ಹೋಗಿದ್ದಾಳೆ, ಬಾಗಿಲಿನ ಮೇಲೆ ಡಾಂಬರಿನಲ್ಲಿ 112 ಎಂದು ಬರೆದಿದೆ ಎಂಬುದು ಆ ದೂರು. ಅದರಲ್ಲಿ ಒಂದು ಮಾತು ಸುಳ್ಳು. ಅದು ಯಾವುದು, ಹೇಗೆ ಬಂತು ಎಂಬುದನ್ನು ಕ್ರಮವಾಗಿ ಹೇಳುತ್ತೇನೆ.

ನಮ್ಮ ಓಣಿಯಲ್ಲಿ ಅರವತ್ತು ಚಿಲ್ಲರೆ ಗುಡಿಸಲುಗಳಿವೆ. ದೊಡ್ಡ ರಸ್ತೆಯಿಂದ ನನ್ನ ಗುಡಿಸಲಿಗೆ 310 ಹೆಜ್ಜೆ. ಅದರಲ್ಲಿ ನಲವತ್ತು ಹೆಜ್ಜೆಯಷ್ಟು ಜಾಗ ಬಹಳ ಇಕ್ಕಟ್ಟು, ಎರಡು ಅಡಿ ಒಂಬತ್ತು ಇಂಚು. ನೀರಿನ ನಲ್ಲಿ ಅರ್ಧ ಮೈಲು ದೂರದ ಚಾಳಿನ ಹತ್ತಿರ ಇದೆ. ಚಾಳಿನವರ ಕೊಡಗಳು ತುಂಬಿದ ಮೇಲೆ ನಮ್ಮವು. ಆಸ್ಪತ್ರೆಯ ಗಾಡಿ ದೊಡ್ಡ ರಸ್ತೆಗೆ ಬಂದು ನಿಲ್ಲುತ್ತದೆ, ಅದಕ್ಕಿಂತ ಒಳಗೆ ಬರಲು ದಾರಿಯಿಲ್ಲ. ಹೀಗಾಗಿ ನಮ್ಮಲ್ಲಿ ಯಾರಾದರೂ ಏಳಲಾರದಂತೆ ಬಿದ್ದರೆ ಅವರನ್ನು ಒಂದು ಬಾಗಿಲಿನ ಮೇಲೆ ಮಲಗಿಸಿ ರಸ್ತೆಯವರೆಗೆ ಹೊತ್ತುಕೊಂಡು ಹೋಗುವುದು ರೂಢಿ. ಆ ಬಾಗಿಲು ಯಾವಾಗಲೂ ರಾಚವ್ವನದೇ.

ರಾಚವ್ವನಿಗೆ ಸುಮಾರು 45 ವರ್ಷ. ವಿಕ್ರೋಳಿಯಲ್ಲಿ ಕಟ್ಟುತ್ತಿರುವ ಕಾರ್ಖಾನೆಗಳಲ್ಲಿ ಗಾರೆ ಹೊರುತ್ತಾಳೆ. ಬೆಳಿಗ್ಗೆ 6.15ಕ್ಕೆ ಹೋದರೆ ಸಂಜೆ ಏಳಕ್ಕೆ ಬರುತ್ತಾಳೆ. ಒಬ್ಬಳೇ ಇದ್ದಾಳೆ. ಗುಡಿಸಲು ಓಣಿಯ ಕೆಳತುದಿಯಲ್ಲಿ, ಗಟಾರದ ಪಕ್ಕ. ಅವಳ ಗಂಡ ಹಳೆಯ ಹಡಗು ಒಡೆಯುವ ಕಡೆ ಕೂಲಿಯಾಗಿದ್ದ. ಅಲ್ಲಿಯ ಸಾಗುವಾನಿ ಹಲಗೆಗಳಿಂದ ಆ ಬಾಗಿಲನ್ನು ಅವನೇ ಮಾಡಿದ್ದು. ಉದ್ದ ಆರು ಅಡಿ, ಅಗಲ ಎರಡು ಅಡಿ ಐದು ಇಂಚು. ತಿರುಗುಣಿ ಮೇಲೆ ನಿಂತಿರುವುದರಿಂದ ಎತ್ತಿದರೆ ಬರುತ್ತದೆ. ಅದರ ಮೇಲೆ ಮೊದಲು ಹೋದವನು ಆ ಗಂಡನೇ. ಅವನು ತಿರುಗಿ ಬರಲಿಲ್ಲ. ರಾಚವ್ವನ ಮನೆಯ ನೀರನ್ನು ಓಣಿಯ ಎಷ್ಟೋ ಜನ ಕುಡಿಯುವುದಿಲ್ಲ. ಅವರೂ ಆ ಬಾಗಿಲ ಮೇಲೆ ಮಲಗಿ ಆಸ್ಪತ್ರೆಗೆ ಹೋಗಿದ್ದಾರೆ.

ಬಾಗಿಲು ಒಯ್ದವರು ನಡೆಸಬೇಕಾದ ರೂಢಿ ಹೀಗಿದೆ. ರೋಗಿ ಮನೆಗೆ ಬರುವವರೆಗೆ ಬಾಗಿಲು ರೋಗಿಯ ಮನೆಯಲ್ಲಿಯೇ ಇರಬೇಕು. ಬರಿದಾಗಿ ಒಡತಿಯ ಮನೆಗೆ ಹೋಗಬಾರದು. ಅಷ್ಟು ದಿನ ರಾಚವ್ವ ತನ್ನ ಬಾಗಿಲಿಗೆ ಗೋಣಿ ಕಟ್ಟಿಕೊಂಡಿರುತ್ತಾಳೆ. ರೋಗಿ ಬಂದ ಮೇಲೆ ಬಾಗಿಲಿನ ಒಳಮೈಗೆ ಒಂದು ಗೀರು ಕೊರೆದು, ಅದನ್ನು ತೊಳೆದು, ಬೆಲ್ಲದ ಜೊತೆ ತಿರುಗಿ ಕೊಡಬೇಕು. ರೋಗಿ ತಿರುಗಿ ಬರದಿದ್ದರೆ ಗೀರಿನ ಮೇಲೆ ಅಡ್ಡಗೀರು. ಬಾಗಿಲನ್ನು ಒಡತಿ ಬಾಯಿಬಿಟ್ಟು ಕೇಳಬಾರದು. ಕೇಳಿಸಿಕೊಂಡವನಿಗೆ ಅದು ಅವಮಾನ.

ಜನವರಿ 23, ಭಾನುವಾರ. ನನ್ನ ಹೆಂಡತಿ ಚಂದ್ರವ್ವನಿಗೆ ಹೆರಿಗೆ ನೋವು ಬಂದು ಹದಿನಾಲ್ಕು ತಾಸಾಗಿತ್ತು. ಬೆಳಿಗ್ಗೆ 11.20ಕ್ಕೆ ಸೂಲಗಿತ್ತಿ ಹೊರಗೆ ಬಂದು, ಕೂಸು ಅಡ್ಡ ಬಿದ್ದಿದೆ, ತನ್ನ ಕೈಯಲ್ಲಿ ಆಗುವುದಿಲ್ಲ ಎಂದಳು. ನಾನು ರಸ್ತೆಯ ಇರಾನಿ ಹೋಟೆಲಿಗೆ ಓಡಿ ಟೆಲಿಫೋನ್ ಮಾಡಿಸಿ ತಿರುಗಿ ಬರುವಷ್ಟರಲ್ಲಿ ರಾಚವ್ವ ಬಾಗಿಲನ್ನು ತಂದು ನನ್ನ ಅಂಗಳದಲ್ಲಿ ಹಾಸಿದ್ದಳು. ನಾನು ಕೇಳಿರಲಿಲ್ಲ. ಫೋರ್ಟಿನ ಉಡುಪಿ ಹೋಟೆಲಿನಲ್ಲಿ ಅಡುಗೆ ಮಾಡುವ ನನ್ನ ನೆರೆಯವ ಕಾಂತಪ್ಪ ಮತ್ತು ಓಣಿಯ ಮುಕಾದಮ ಕಾಶಪ್ಪ ಕೈ ಹಾಕಿದರು. ಇಕ್ಕಟ್ಟಿನ ನಲವತ್ತು ಹೆಜ್ಜೆಗಳಲ್ಲಿ ಪಕ್ಕದಲ್ಲಿ ನಿಂತು ಹೊರಲು ಆಗುವುದಿಲ್ಲ. ಅಲ್ಲಿ ಮುಂದಿನ ತುದಿ ಕಾಂತಪ್ಪ ಹೊತ್ತ. ಹಿಂದಿನ ತುದಿ ರಾಚವ್ವ ಹೊತ್ತಳು. ನಾನು ಬಟ್ಟೆಯ ಗಂಟು ಹಿಡಿದು ಮುಂದೆ ಹೋಗುತ್ತಾ ದಾರಿಯ ಕೊಡಗಳನ್ನು ಸರಿಸಿದೆ. ಚಂದ್ರವ್ವ ಹಲಗೆಯ ಅಂಚನ್ನು ಬಿಗಿಯಾಗಿ ಹಿಡಿದಿದ್ದಳು. ರಾಚವ್ವ ಅವಳಿಗೆ, ‘ಕೈ ಒಳಗ ತಗೋ ಯವ್ವಾ, ಗ್ವಾಡಿಗೆ ತಿಕ್ಕತೈತಿ, ಬಾಗಲಾ ನಿನ್ನ ಬೀಳಸಂಗಿಲ್ಲ’ ಎಂದು ಹೇಳುತ್ತಲೇ ಇದ್ದಳು. ಮಧ್ಯಾಹ್ನ 2.40ಕ್ಕೆ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಕೂಸನ್ನು ತೆಗೆದರು. ಹೆಣ್ಣು. ಇಬ್ಬರೂ ಉಳಿದರು.

ರೂಢಿಯಂತೆ ಬಾಗಿಲನ್ನು ಕಾಶಪ್ಪ ಮತ್ತು ಕಾಂತಪ್ಪ ನನ್ನ ಗುಡಿಸಲಿಗೆ ತಂದು ಒರಗಿಸಿದರು. ನನ್ನ ಸ್ವಂತ ಬಾಗಿಲು ಪೆಟ್ಟಿಗೆ ಹಲಗೆಯದು, ಹೋದ ಮಳೆಗಾಲದಲ್ಲಿ ಕೊಳೆತು ಹೋಗಿತ್ತು. ಆಗಿನಿಂದ ಗೋಣಿ ಕಟ್ಟಿದ್ದೆ. 24ರಂದು, ಸೋಮವಾರ, ನಾನು ರಜೆಯ ಮೇಲಿದ್ದೆ. ಬೆಳಿಗ್ಗೆ ನಾಯಿ ಒಳಗೆ ಬಂದು ಹೆರಿಗೆಯ ಬಟ್ಟೆ ಎಳೆಯಿತು. ಆಗ ಆ ಬಾಗಿಲನ್ನು ನನ್ನ ಚೌಕಟ್ಟಿಗೆ ನಿಲ್ಲಿಸಿದೆ. ಅದು ಸರಿಯಾಗಿ ಕೂತಿತು. ಇದರಲ್ಲಿ ಬೇರೆ ಉದ್ದೇಶ ಇರಲಿಲ್ಲ.

25ರಂದು, ಮಂಗಳವಾರ, ಬೆಳಿಗ್ಗೆ 10.30ಕ್ಕೆ ಗುಡಿಸಲುಗಳನ್ನು ಎಣಿಸುವವರು ಬಂದರು. ಒಬ್ಬ ಗುಮಾಸ್ತ, ಡಾಂಬರಿನ ಡಬ್ಬಿ ಹಿಡಿದ ಒಬ್ಬ ಪೇಂಟರ್. ಗುಮಾಸ್ತನಿಗೆ ನಮ್ಮವರ ಮಾತು ತಿಳಿಯದ್ದರಿಂದ ಮುಕಾದಮ ಕಾಶಪ್ಪ ಅಂದೂ ರಜೆಯಲ್ಲಿದ್ದ ನನ್ನನ್ನು ಜೊತೆಗೆ ಕಳಿಸಿದ. ಓಣಿಯ ಕೆಳತುದಿಯಿಂದ ಶುರುವಾಯಿತು. 10.40ಕ್ಕೆ ರಾಚವ್ವನ ಗುಡಿಸಲಿನ ಮುಂದೆ ನಿಂತೆವು. ಅವಳು ಕೆಲಸಕ್ಕೆ ಹೋಗಿದ್ದಳು. ಇಲ್ಲಿ ಯಾರು ಇರುತ್ತಾರೆ ಎಂದು ಗುಮಾಸ್ತ ಕೇಳಿದ. ರಾಚವ್ವ ಎಂಬ ಹೆಂಗಸು, ದುಡಿಯಲು ಹೋಗಿದ್ದಾಳೆ ಎಂದೆ. ಬಾಗಿಲಿಲ್ಲದ ಗುಡಿಸಲಿಗೆ ನಂಬರು ಹಾಕುವಂತಿಲ್ಲ, ಗೋಣಿಯ ಮೇಲೆ ಡಾಂಬರು ನಿಲ್ಲುವುದಿಲ್ಲ, ಮೂರು ಗಂಟೆಗೆ ಮತ್ತೊಂದು ಸುತ್ತು ಬರುತ್ತೇವೆ, ಅಷ್ಟರಲ್ಲಿ ಹಲಗೆ ನಿಲ್ಲಿಸಿರಬೇಕು ಎಂದು ಅವನು ಹೇಳಿದ. ಹೇಳಿದ್ದನ್ನು ನಾನು ಗೋಣಿ ಕಟ್ಟಿದ್ದ ಉಳಿದ ಮನೆಗಳವರಿಗೆಲ್ಲ ಕನ್ನಡದಲ್ಲಿ ತಿಳಿಸಿದೆ. ರಾಚವ್ವನ ಗುಡಿಸಲಿನಲ್ಲಿ ತಿಳಿಸಲು ಯಾರೂ ಇರಲಿಲ್ಲ. 98 ಎಂಬ ನಂಬರು ಮುಂದಿನ ಮನೆಗೆ ಬಿತ್ತು.

ಅವಳ ಗುಡಿಸಲಿನಿಂದ ನನ್ನದಕ್ಕೆ ಬರಲು ಇಪ್ಪತ್ತೈದು ನಿಮಿಷ ಹಿಡಿಯಿತು. ಮಧ್ಯದಲ್ಲಿ ಹದಿನಾಲ್ಕು ಗುಡಿಸಲು. ಅಷ್ಟು ಹೊತ್ತೂ ಮುಂದೆ ಏನು ಕೇಳುತ್ತಾರೆಂಬುದು ನನಗೆ ಗೊತ್ತಿತ್ತು. 11.05ಕ್ಕೆ ನನ್ನ ಗುಡಿಸಲಿನ ಮುಂದೆ ಗುಮಾಸ್ತ ಹಲಗೆಯನ್ನು ಬೆರಳಿನಿಂದ ತಟ್ಟಿ ನೋಡಿ, ‘ಹಾ ದರವಾಜಾ ತುಮಚಾ ಕಾ?’ ಎಂದು ಕೇಳಿದ. ಈ ಬಾಗಿಲು ನಿಮ್ಮದೇ ಎಂದು ಅದರ ಅರ್ಥ. ನಾನು ‘ಹೋ’, ಅಂದರೆ ಹೌದು, ಎಂದೆ. ಪೇಂಟರ್ 112 ಎಂದು ಬರೆದ.

ಮೂರು ಗಂಟೆಗೆ ಅವರು ಮಾತಿಗೆ ತಪ್ಪದೆ ಮತ್ತೆ ಬಂದರು. ಗೋಣಿಯ ನಾಲ್ಕು ಮನೆಯವರು ಅಷ್ಟರಲ್ಲಿ ಹಳೆಯ ಪೆಟ್ಟಿಗೆ, ಮಂಚದ ಹಲಗೆ ಏನೇನೋ ತಂದು ನಿಲ್ಲಿಸಿದ್ದರು. ಅವಕ್ಕೆ ನಂಬರು ಬಿತ್ತು. ರಾಚವ್ವನದು ಐದನೆಯದು. ಅದರ ಮುಂದೆ ಯಾರೂ ಏನನ್ನೂ ನಿಲ್ಲಿಸಿರಲಿಲ್ಲ. ಅವಳ ಹಲಗೆ ನನ್ನ ಚೌಕಟ್ಟಿನಲ್ಲಿತ್ತು. ನಾನು ಮನೆಯಲ್ಲೇ ಇದ್ದೆ.

ಅಂದು ಸಂಜೆ 7.10ಕ್ಕೆ ರಾಚವ್ವ ಕೂಸಿನ ಸುದ್ದಿ ಕೇಳಲು ಬಂದಳು. ಬಾಗಿಲ ಮೇಲಿನ ಅಂಕಿ ನೋಡಿ ಇದೇನೆಂದು ಕೇಳಿದಳು. ನಂಬರು ಹಾಕಿ ಹೋಗಿದ್ದಾರೆ ಎಂದೆ. ಅವಳು ನಕ್ಕು, ‘ನನಗ ಬಿಟ್ಟು ನನ್ನ ಬಾಗಲಕ್ಕ ಹಣೇಬರಹ ಬರದಾರಲ್ಲೋ ತಮ್ಮಾ’ ಎಂದಳು. ಹೋಗುವಾಗ, ‘ಇರಲಿ ಬಿಡು, ಬಾಗಲಾ ಬಂದಾಗ ನಂಬರೂ ಕೂಡೇ ಬರ್ತೈತಿ’ ಎಂದಳು. ಅವಳ ಮಾತಿಗೆ ನಾನು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ.

ಫೆಬ್ರುವರಿ 2, ಬುಧವಾರ ಚಂದ್ರವ್ವ ಕೂಸಿನೊಂದಿಗೆ ಮನೆಗೆ ಬಂದಳು. ಸಂಜೆ ಆರಕ್ಕೆ ಬಾಗಿಲಿನ ಒಳಮೈಗೆ ನಾನೇ ಚಾಕುವಿನಿಂದ ಗೀರು ಕೊರೆದೆ. ಹನ್ನೊಂದನೆಯದು. ಅಂದು ತೊಳೆಯಲು ನೀರು ಸಿಗಲಿಲ್ಲ. ಇದು ನಿಜ. ಮರುದಿನ ಎರಡು ಕೊಡ ಸಿಕ್ಕಿತು. ಇದೂ ನಿಜ. ಮರುದಿನವೇ ಬೆಲ್ಲವನ್ನೂ ತಂದೆ. ಒಂದು ಅಚ್ಚು, ಕಾಗದದಲ್ಲಿ ಸುತ್ತಿ ಗೂಡಿನಲ್ಲಿಟ್ಟೆ. ಅದು ಅಲ್ಲಿಯೇ ಉಳಿಯಿತು.

9ರಂದು, ಬುಧವಾರ, ಸಂಜೆ 7.20ಕ್ಕೆ ನಾನು ಕೆಲಸದಿಂದ ಬರುವಾಗ ಓಣಿಯ ಬಾಯಲ್ಲಿ ನೋಟೀಸು ಹಚ್ಚಿತ್ತು. ಓದಲು ಬರುವವನೆಂದು ಕಾಶಪ್ಪ ನನ್ನನ್ನು ಮುಂದೆ ತಳ್ಳಿದ. ಸುಮಾರು ಮೂವತ್ತು ಜನ ಸೇರಿದ್ದರು. ನಾನು ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳಿದೆ. ನಂಬರಿರುವ ಗುಡಿಸಲಿನವರಿಗೆ ಬೇರೆ ಕಡೆ ಜಾಗ ಗೊತ್ತುಮಾಡಿ ಕೊಡಲಾಗುವುದು, ಅಲ್ಲಿ ನಲ್ಲಿ ಇರುವುದು, ಅಲ್ಲಿಯವರೆಗೆ ಅವರನ್ನು ಏಳಿಸುವುದಿಲ್ಲ. ನಂಬರಿಲ್ಲದವುಗಳನ್ನು ದಿನಾಂಕ 22, ಮಂಗಳವಾರ, ಬೆಳಿಗ್ಗೆ ಎಂಟಕ್ಕೆ ತೆಗೆಯಲಾಗುವುದು. ನಲ್ಲಿ ಎಂಬ ಮಾತು ಬಂದಾಗ ಹೆಂಗಸರು ಅದನ್ನು ಇನ್ನೊಮ್ಮೆ ಓದಿಸಿದರು. ಎಲ್ಲರೂ ನೋಟೀಸನ್ನು ನೋಡುತ್ತಿದ್ದರು. ರಾಚವ್ವ ನನ್ನನ್ನು ನೋಡುತ್ತಿದ್ದಳು.

ಅಂದಿನಿಂದ ಮೂರು ದಿನ ಅವಳು ಕೆಲಸದಿಂದ ಬರುವಾಗ ನನ್ನ ಗುಡಿಸಲಿನ ಮುಂದೆ ಸ್ವಲ್ಪ ನಿಲ್ಲುತ್ತಿದ್ದಳು. ನಿಂತು ಸೆರಗು ಸರಿಮಾಡಿಕೊಂಡು ಮುಂದೆ ಹೋಗುತ್ತಿದ್ದಳು. ನಾನು ಒಳಗಿನಿಂದ ಅವಳ ಹೆಜ್ಜೆ ಸಪ್ಪಳ ಗುರುತಿಸುತ್ತಿದ್ದೆ. ಆ ವಾರ ಛಾಪಖಾನೆಯಲ್ಲಿ ನನ್ನ ಕೈಯಿಂದ ಏಳು ತಪ್ಪುಗಳಾದವು. ಹಿಂದಿನ ಇಡೀ ವರ್ಷದಲ್ಲಿ ನಾಲ್ಕು ಆಗಿದ್ದವು. ಒಂದು ಲಗ್ನಪತ್ರಿಕೆಯಲ್ಲಿ ವರನ ಮನೆಯ ವಿಳಾಸದಲ್ಲಿ 112 ಎಂದು ಜೋಡಿಸಿದ್ದೆ. ಇರಬೇಕಾದದ್ದು 21.

13ರಂದು, ಭಾನುವಾರ, ಬೆಳಿಗ್ಗೆ 9.15ಕ್ಕೆ ರಾಚವ್ವ ಬಂದು ಬಾಯಿಬಿಟ್ಟು ಕೇಳಿದಳು. ಆಡಿದ್ದನ್ನು ಆಡಿದಂತೆಯೇ ಬರೆಸಬೇಕೆಂದು ಜಮಾದಾರರು ಹೇಳಿದ್ದರಿಂದ ಹಾಗೆಯೇ ಬರೆಸುತ್ತೇನೆ. ‘ಶೆಟ್ಟೆಪ್ಪಾ, ಇಷ್ಟು ವರ್ಷದಾಗ ಯಾರಿಗೂ ಕೇಳಿದಾಕಿ ಅಲ್ಲ. ಇವತ್ತು ಕೇಳಾಕ ಹಚ್ಚೀದಿ. ನನ್ನ ಬಾಗಲಾ ಕೊಡು’ ಎಂದಳು. ಕೂಸಿಗೆ ಹೆಸರಿಡುವುದು ಆಗಲಿ ಅಕ್ಕಾ ಎಂದೆ. ಅವಳು, ‘ಹೆಸರು ಯಾವಾಗ ಇಡ್ತಿ, ಇಪ್ಪತ್ತಮೂರಕ್ಕೇನು?’ ಎಂದಳು. ಒಳಗಿನಿಂದ ಚಂದ್ರವ್ವ, ಬಾಣಂತಿಯ ಮನೆಗೆ ಬಾಗಿಲಿಲ್ಲದೆ ಹ್ಯಾಂಗ ಎಂದಳು. ಅದಕ್ಕೆ ರಾಚವ್ವ, ‘ಅದಕ್ಕಽ ಇಷ್ಟು ದಿನ ಸುಮ್ಮನಿದ್ದೆ ನನ್ನವ್ವಾ. ಬಾಣಂತಿಗಿ ಬಿಟ್ಟೀನಿ. ನಂಬರಿಗಿ ಬಿಡಂಗಿಲ್ಲ’ ಎಂದು ಹೇಳಿ ಹೊರಟುಹೋದಳು.

19, ಶನಿವಾರ. ನನಗೆ ಅರ್ಧ ದಿನ ಕೆಲಸ. ನಾನು 3.05ಕ್ಕೆ ಮನೆಗೆ ಬಂದಾಗ ಚೌಕಟ್ಟು ಬರಿದಾಗಿತ್ತು. ಚಂದ್ರವ್ವ ಹೇಳಿದ ಪ್ರಕಾರ, 12.50ಕ್ಕೆ ರಾಚವ್ವ ಕೆಲಸ ಬಿಟ್ಟು ಬಂದು, ಬಾಗಿಲನ್ನು ಎತ್ತಿ, ಒಬ್ಬಳೇ ತಲೆಯ ಮೇಲೆ ಹೊತ್ತುಕೊಂಡು ಹೋದಳು. ಚಂದ್ರವ್ವ ಒಂದು ಅಂಚು ಹಿಡಿದಿದ್ದಳಂತೆ. ರಾಚವ್ವ ತಿರುಗಿ, ‘ಹೊಲಿಗಿ ಬಿಚ್ಚೀತು, ಬಿಡು ಮಗಳ’ ಎಂದಳಂತೆ. ಹೊಟ್ಟೆಯ ಹೊಲಿಗೆ. ಚಂದ್ರವ್ವ ಬಿಟ್ಟಳು.

ನಾನು ಹೊರಗೆ ಬಂದಾಗ ಕಾಶಪ್ಪ ಕಾದಿದ್ದ. ನೀನು ಸುಮ್ಮನಿದ್ದರೆ ನಂಬರು ಹೋಯಿತು, ಎಣಿಕೆಯ ಕಾಗದದಲ್ಲಿ 112ರ ಮುಂದೆ ನಿನ್ನ ಹೆಸರೇ ಇದೆ, ಠಾಣೆಗೆ ಹೋಗಿ ಬರೆಸು ಎಂದು ಅವನು ಹೇಳಿದ. ಅವನ ಮಾತು: ‘ಕಂಪ್ಲೇಂಟ್ ಠೋಕಿ ಬಾ. ಕಾಗದದಾಗ ನಿನ್ನ ಹೆಸರ ಐತಿ ಅಂದ್ರ ಖತಂ. ಹಲಗಿ ಯಾರದರ ಇರವಲ್ಲದ್ಯಾಕ.’ ಅಲ್ಲಿಯೇ ನಿಂತಿದ್ದ ಕಾಂತಪ್ಪ, ‘ಆ ಹಲಗೆ ಯಾರದ್ದು ಅಂತ ಓಣಿಯ ನಾಯಿಗೂ ಗೊತ್ತುಂಟು ಮಾರಾಯ. ಬರೆಸುವಾಗ ನಿಮ್ಮ ಕೈ ನಡುಗದಿದ್ದರೆ ಸಾಕು ಶೆಟ್ಟೆಪ್ಪಣ್ಣ’ ಎಂದ. 4.30ಕ್ಕೆ ಠಾಣೆಗೆ ಬಂದು ದೂರು ಬರೆಸಿದೆ. ಬರೆದವರು ಇಲ್ಲಿಯ ಸಿಪಾಯಿ. ನಾನು ಸಹಿ ಮಾತ್ರ ಮಾಡಿದೆ. ಕೈ ನಡುಗಲಿಲ್ಲ.

5.45ಕ್ಕೆ ಇಬ್ಬರು ಸಿಪಾಯಿಗಳು ಬಂದು ರಾಚವ್ವನ ಚೌಕಟ್ಟಿನಿಂದ ಬಾಗಿಲನ್ನು ತೆಗೆಸಿ, ಮುದ್ದೇಮಾಲು ಎಂದು ಕೈಗಾಡಿಯ ಮೇಲೆ ಠಾಣೆಗೆ ಒಯ್ದರು. ಅವಳನ್ನು ಕೈದು ಮಾಡಲಿಲ್ಲ. ಸೋಮವಾರ ಬಾ, ಅಂದು ಕಳವಿನ ಪ್ರಕರಣ ದಾಖಲಾಗುತ್ತದೆ ಎಂದರು. ಅವಳು ಮನೆಯಲ್ಲಿ ನಿಲ್ಲದೆ ಗಾಡಿಯ ಹಿಂದೆಯೇ ನಡೆದಳು. ಅಂದಿನಿಂದ ಇಂದಿನವರೆಗೆ ಠಾಣೆಯ ಜಗಲಿಯಲ್ಲಿ ಬಾಗಿಲಿನ ಪಕ್ಕ ಕೂತಿದ್ದಾಳೆ. ಈಗ ನಾನು ಇದನ್ನು ಬರೆಸುವಾಗಲೂ ಕೂತಿದ್ದಾಳೆ. ಆ ಸಂಜೆ ಓಣಿಯಲ್ಲಿ ಎರಡು ಚೌಕಟ್ಟುಗಳು ಬರಿದಾಗಿದ್ದವು, ಅವಳದು ಮತ್ತು ನನ್ನದು.

ನಿನ್ನೆ 20, ಭಾನುವಾರ. ಬೆಳಿಗ್ಗೆಯಿಂದ ಕಾಶಪ್ಪನ ತಾಯಿ ಅಂಬವ್ವನಿಗೆ ವಾಂತಿಭೇದಿ. ವಯಸ್ಸು ಎಪ್ಪತ್ತರ ಮೇಲೆ. ಮಧ್ಯಾಹ್ನ 2.10ಕ್ಕೆ ಕಣ್ಣು ಮೇಲಾದವು. ಕಾಶಪ್ಪ ಹೊರಗೆ ಬಂದು ರೂಢಿಯಂತೆ ಕೆಳತುದಿಯ ಕಡೆ ಕೈ ಮಾಡಿ, ರಾಚವ್ವಗ ಬಾಗಲಾ ತರಾಕ ಹೇಳ್ರಿ ಎಂದು ಕೂಗಿದ. ಕೂಗಿದ ಮೇಲೆ ಅವನಿಗೆ ನೆನಪಾಯಿತು. ಉಳಿದ ಮನೆಗಳ ಬಾಗಿಲುಗಳು ತಗಡಿನವು ಅಥವಾ ತೆಳು ಪೆಟ್ಟಿಗೆ ಹಲಗೆಯವು, ಆಳಿನ ಭಾರ ತಾಳುವುದಿಲ್ಲ. ಒಂದನ್ನು ಎತ್ತಿ ನೋಡಿದೆವು, ನಡುವೆ ಬಿರಿಯಿತು.

ಕಾಂತಪ್ಪ ಮತ್ತು ನಾನು ಠಾಣೆಗೆ ಬಂದೆವು. 2.35 ಆಗಿತ್ತು. ಬಾಗಿಲನ್ನು ಒಂದು ತಾಸಿನ ಮಟ್ಟಿಗೆ ಕೊಡಬೇಕೆಂದು ಕೇಳಿದೆವು. ಕೋರ್ಟಿನ ಅಥವಾ ಮೇಲಿನವರ ಹುಕುಮಿಲ್ಲದೆ ಮುದ್ದೇಮಾಲು ಹೊರಗೆ ಹೋಗುವುದಿಲ್ಲ ಎಂದು ಪಾಳಿಯಲ್ಲಿದ್ದ ಸಿಪಾಯಿ ಹೇಳಿದ. ಅವನು ಒರಟಾಗಿ ಹೇಳಲಿಲ್ಲ. ರಾಚವ್ವ ಎದ್ದು ನಿಂತು, ‘ನಂದಂತ ಕೊಡಬ್ಯಾಡ್ರಿ, ಅವಂದಂತಾದರೂ ಕೊಡ್ರಿ. ಮುದುಕಿ ಒಣಗಿ ಹೊಂಟಾಳ’ ಎಂದಳು. ಸಿಪಾಯಿ ನನ್ನ ಕಡೆ ತಿರುಗಿ, ದೂರು ಕೊಟ್ಟವನು ನೀನೇ ಅಲ್ಲವೇ ಎಂದು ಕೇಳಿದ. ಹೌದೆಂದೆ. ಆಗಲೇ ನಾನು ನಿಜ ಹೇಳಬಹುದಾಗಿತ್ತು. ಹೇಳಲಿಲ್ಲ.

ನಾವು ತಿರುಗಿ ಹೋಗಿ ಅಂಬವ್ವನನ್ನು ಸೀರೆಯ ಜೋಳಿಗೆಯಲ್ಲಿ ಹಾಕಿ ಬಿದಿರಿಗೆ ಕಟ್ಟಿದೆವು. ಮುಂದೆ ಕಾಶಪ್ಪ, ಹಿಂದೆ ನಾನು. ಜೋಳಿಗೆ ತೂಗಿ ತೂಗಿ ಇಕ್ಕಟ್ಟಿನಲ್ಲಿ ಅವಳ ಮೊಣಕೈ ಎರಡೂ ಕಡೆಯ ತಗಡಿಗೆ ತಾಗಿತು, ನಾಲ್ಕು ಸಲ ಇಳಿಸಬೇಕಾಯಿತು. ರಸ್ತೆ ಮುಟ್ಟಲು ಇಪ್ಪತ್ತಾರು ನಿಮಿಷ. ಚಂದ್ರವ್ವನನ್ನು ಒಯ್ದಾಗ ಆರು ನಿಮಿಷ ಆಗಿತ್ತು. ಮೂರನೇ ಸಲ ಇಳಿಸಿದಾಗ ಅಂಬವ್ವ ಕಣ್ಣು ತೆರೆದು, ಬಾಗಿಲು ಎಲ್ಲಿ ಎಂದು ಕೇಳಿದಳು. ಠಾಣೆಯಲ್ಲಿದೆ ಎಂದು ಮಗ ಹೇಳಿದ. ಅವಳು, ‘ಯಪ್ಪಾ, ಮನಶ್ಯಾರು ಸಾಲ್ದಂತ, ಬಾಗಲಕ್ಕೂ ಕೋಳ ಹಾಕಿಸಿದ್ರೇನೋ’ ಎಂದಳು. ಕಾಶಪ್ಪ ನನ್ನ ಮುಖ ನೋಡಲಿಲ್ಲ. ನಾನೂ ಅವನ ಮುಖ ನೋಡಲಿಲ್ಲ. ಇಂದು ಬೆಳಿಗ್ಗೆ ಏಳು ಗಂಟೆಯವರೆಗಿನ ಸುದ್ದಿಯಂತೆ ಅಂಬವ್ವ ಜೀವಂತವಾಗಿದ್ದಾಳೆ, ಮಾತು ನಿಂತಿದೆ.

ಇಂದು ಬೆಳಿಗ್ಗೆ 8.30ಕ್ಕೆ ನಾನು ಗೂಡಿನಿಂದ ಬೆಲ್ಲದ ಅಚ್ಚನ್ನು ತೆಗೆದಾಗ ಚಂದ್ರವ್ವನಿಗೆ ತಿಳಿಯಿತು. ಕೊಡುವುದಿದ್ದರೆ ಅಂದೇ ಕೊಡಬೇಕಿತ್ತು ಎಂದಳು. ಆಮೇಲೆ, ‘ನಾಳಿಗಿ ಎಂಟಕ್ಕ ಬರ್ತಾರ. ಕೂಸಿನ ಎಲ್ಲಿ ಮಲಗಸಲಿ, ಅದೊಂದು ಹೇಳಿ ಹೋಗ್ರಿ’ ಎಂದಳು. ಅವಳು ಕೂಸನ್ನು ಎತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಹಾಗೆ ತಿರುಗಿಯೇ, ‘ಗ್ವಾಡಿಗೆ ತಿಕ್ಕತೈತಿ, ಕೈ ಒಳಗ ತಗೋ ಅಂದಿದ್ದಳು ಆಕಿ’ ಎಂದಳು. ನಾನು ಹೊರಟು ಬಂದೆ.

ಆದ್ದರಿಂದ ಹೇಳುವುದೇನೆಂದರೆ, ಶನಿವಾರದ ದೂರಿನಲ್ಲಿ ‘ನನ್ನ ಬಾಗಿಲು’ ಎಂದು ಬರೆಸಿದ್ದು ಸುಳ್ಳು. ಬಾಗಿಲು ರಾಚವ್ವನದು. ಅವಳು ಕದ್ದಿಲ್ಲ. ಗುರುತಿಗೆ, ಬಾಗಿಲಿನ ಒಳಮೈಯಲ್ಲಿ ತಿರುಗುಣಿಯ ಕಡೆ ಹನ್ನೊಂದು ಗೀರುಗಳಿವೆ, ಮೂರರ ಮೇಲೆ ಅಡ್ಡಗೀರು ಇದೆ, ಮೊದಲನೆಯದು ಆ ಮೂರರಲ್ಲಿ ಒಂದು. ಕೊನೆಯ ಗೀರು ಉಳಿದವುಗಳಿಗಿಂತ ಹೊಸದು, ಒಂದೂಕಾಲು ಇಂಚು ಉದ್ದ. ಅದನ್ನು ಕೊರೆದವನು ನಾನು. ಒಯ್ದವನೇ ಗೀರು ಕೊರೆಯಬೇಕು, ಒಡತಿ ಕೊರೆಯುವುದಿಲ್ಲ. ಜಮಾದಾರರು ಎದ್ದು ಹೋಗಿ ನೋಡಿ, ಎಣಿಸಿ ಬಂದಿದ್ದಾರೆ.

ಸುಳ್ಳು ದೂರು ಕೊಡುವುದೂ ಅಪರಾಧ, ಅದಕ್ಕೆ ನಿನ್ನ ಮೇಲೆ ಪ್ರಕರಣ ಆಗಬಹುದು, ತಿಳಿದಿದೆಯೇ ಎಂದು ಅವರು ಕೇಳಿದರು. ತಿಳಿದಿದೆ ಎಂದೆ. ಬಾಗಿಲು ಅವಳದಾದರೆ ನಂಬರೂ ಅವಳದು, ಇದರ ಒಂದು ನಕಲು ಎಣಿಕೆಯವರಿಗೆ ಹೋಗುತ್ತದೆ, ನಾಳೆ ಬೆಳಿಗ್ಗೆ ನಿನ್ನ ಗುಡಿಸಲಿಗೆ ನಂಬರು ಇರುವುದಿಲ್ಲ ಎಂದರು. ಅದೂ ತಿಳಿದಿದೆ ಎಂದೆ. ಬಾಣಂತಿ ಹೆಂಡತಿ ಇದ್ದಾಳೆಂದು ಇನ್ನೊಮ್ಮೆ ವಿಚಾರ ಮಾಡುತ್ತೀಯಾ ಎಂದು ಅವರಾಗಿಯೇ ಕೇಳಿದರು. ವಿಚಾರ ಮಾಡಿಯೇ ಇಪ್ಪತ್ತೇಳು ದಿನ ಕಳೆದವು ಎಂದೆ.

ಇಲ್ಲಿಗೆ ಬರೆಸುವುದನ್ನು 11.10ಕ್ಕೆ ನಿಲ್ಲಿಸಿ, ಜಮಾದಾರರ ಅಪ್ಪಣೆ ಪಡೆದು ಜಗಲಿಗೆ ಹೋದೆ. ಮುಂದಿನದನ್ನು 11.45ಕ್ಕೆ ಬರೆಸಿದ್ದೇನೆ.

ಜಗಲಿಯಲ್ಲಿ ನಾನು ರಾಚವ್ವನ ಮುಂದೆ ಬೆಲ್ಲದ ಅಚ್ಚನ್ನು ಹಿಡಿದೆ. ಅವಳು ಕೈ ಚಾಚಲಿಲ್ಲ. ‘ಬೆಲ್ಲ ಆಮ್ಯಾಲ. ಮದ್ಲ ತೊಳಿ’ ಎಂದಳು. ಠಾಣೆಯ ಹಿತ್ತಲಲ್ಲಿ ನಲ್ಲಿ ಇದೆ. ತಿರುವಿದೆ, ನೀರು ಬಂತು. ಅಲ್ಲಿ ಯಾರ ಕೊಡವೂ ಇರಲಿಲ್ಲ, ಸರದಿಯೂ ಇರಲಿಲ್ಲ. ಬಾಗಿಲನ್ನು ಎರಡೂ ಮಗ್ಗುಲು ತೊಳೆದೆ. ನಾಲ್ಕು ಬಕೆಟ್ ನೀರು ಹಿಡಿಯಿತು. ರಾಚವ್ವ ನಿಂತು ನೋಡುತ್ತಾ, ತಿರುಗುಣಿಯ ಸಂದಿ ತೋರಿಸಿ, ಅಲ್ಲಿಯೂ ಎಂದಳು. ಡಾಂಬರು ಹೋಗುವುದೋ ಎಂದು ಅವಳೇ ಹೆಬ್ಬೆರಳಿನಿಂದ 112ರ ಮೇಲೆ ಉಜ್ಜಿ ನೋಡಿದಳು. ಹೋಗಲಿಲ್ಲ. ಆಮೇಲೆ ಬೆಲ್ಲ ತೆಗೆದುಕೊಂಡು, ಬಾಗಿಲಿನ ಅಂಚಿಗೆ ಹೊಡೆದು ಎರಡು ತುಂಡು ಮಾಡಿ, ಒಂದನ್ನು ನನಗೆ ಕೊಟ್ಟು, ‘ಬಾಣಂತಿಗಿ ಒಯ್ಯಿ. ನೀ ತಿನ್ನಬ್ಯಾಡ’ ಎಂದಳು.

ಮುಚ್ಚಳಿಕೆ ಬರೆಸಿಕೊಂಡು ಬಾಗಿಲನ್ನು ರಾಚವ್ವನಿಗೆ ಒಪ್ಪಿಸಲು ಜಮಾದಾರರು ಮೇಲಿನವರಿಂದ ಟೆಲಿಫೋನಿನಲ್ಲಿ ಹುಕುಮು ಪಡೆದಿದ್ದಾರೆ. ಅವಳು ಹೆಬ್ಬೆಟ್ಟು ಒತ್ತಿದ್ದಾಳೆ. ನೀರು ಕುಡಿದು ಬಾಗಿಲು ಭಾರವಾಗಿದೆ. ಹಿಂದಿನ ತುದಿಯನ್ನು ನಾನು ಹೊರುತ್ತೇನೆಂದು ಹೇಳಿದ್ದೇನೆ. ಬೇಡ ಎಂದು ಅವಳು ಹೇಳಿಲ್ಲ. ಹೂಂ ಎಂದೂ ಹೇಳಿಲ್ಲ.

ಮೇಲೆ ಬರೆಸಿದ್ದನ್ನು ಜಮಾದಾರರು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದರು. ನಾನೂ ಸ್ವತಃ ಓದಿಕೊಂಡೆ. ಹೊತ್ತು, ಅಳತೆ ಮತ್ತು ಮಾತುಗಳು ನಡೆದಂತೆಯೇ ಇವೆ. ಇದನ್ನು ಯಾರ ಒತ್ತಾಯವೂ ಇಲ್ಲದೆ ಬರೆಸಿದ್ದೇನೆ. ತಿದ್ದುವುದು ಏನೂ ಇಲ್ಲ. ತುಂಬುವುದು ಒಂದಿದೆ, ಮೊದಲಿಗೆ ಬಿಟ್ಟಿದ್ದ ಜಾಗ.

ಮನೆ ನಂಬರು: ಇಲ್ಲ.

ಸ್ಥಳ: ಮುಂಬಯಿ
ದಿನಾಂಕ: 21-2-1955, ಮಧ್ಯಾಹ್ನ 12.05
(ಸಹಿ) ಶೆಟ್ಟೆಪ್ಪ ಯಮನಪ್ಪ ಕೋರಿ